ಕೊಲ್ಲದೆ ಗೆಲ್ಲಿ: ಊರೊಳಗಿನ ಜಿಂಕೆಗಳನ್ನು ನಿಭಾಯಿಸಲು 12 ಸೂತ್ರಗಳು

ಜಿಂಕೆ ಕಾಡಿನಲ್ಲಿದ್ದರೆ ಫೋಟೊ, ಊರಿನಲ್ಲಿದ್ದರೆ ಫೈಲು. ಆ ಫೈಲು ಇವತ್ತಲ್ಲ ನಾಳೆ ಯಾರದೋ ಟೇಬಲ್ಲಿಗೆ ಬಂದು ಕೂರುತ್ತದೆ. ನೀವು ಶಿರಸಿಯಲ್ಲೋ ಪೊನ್ನಂಪೇಟೆಯಲ್ಲೋ ಫಾರೆಸ್ಟ್ರಿ ಓದುತ್ತಿರಬಹುದು. ಹೆಬ್ಬಾಳದಲ್ಲಿ ವೆಟರ್ನರಿ ಮಾಡುತ್ತಿರಬಹುದು. ದೊಡ್ಡ ಕ್ಯಾಂಪಸ್ಸೊಂದರ ಎಸ್ಟೇಟ್ ಆಫೀಸಿನಲ್ಲಿ ಕೆಲಸಕ್ಕಿರಬಹುದು. ಅಥವಾ ನ್ಯೂಜೆರ್ಸಿಯಲ್ಲಿ ಮನೆ ಕೊಂಡು, ಅಲ್ಲಿನ ಹೋಮ್ ಓನರ್ಸ್ ಅಸೋಸಿಯೇಷನ್ ಕಮಿಟಿಗೆ ಈಗಷ್ಟೇ ಸೇರಿರಬಹುದು. ಕೆಲಸ ನಿಮ್ಮ ಪಾಲಿಗೆ ಬಂದ ದಿನ ಹಿಂಜರಿಯಬೇಡಿ. ಇದು ಗೆಲ್ಲಬಹುದಾದ ಕೆಲಸ.

ಹಿನ್ನೆಲೆ ಚುಟುಕಾಗಿ ತಿಳಿದಿರಲಿ. 1900ರ ಹೊತ್ತಿಗೆ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳು ಬೇಟೆಗೆ ಸಿಕ್ಕಿ ಸುಮಾರು 5 ಲಕ್ಷಕ್ಕೆ ಇಳಿದಿದ್ದವು. ಈಗ ಸುಮಾರು 3 ಕೋಟಿ ಇವೆ. ಬೇಟೆಗೆ ನಿಯಮ ಬಂತು. ತೋಳಗಳು ಬಹುತೇಕ ಕಡೆ ಮಾಯವಾದವು. ಕಾಡಿನಂಚಿನಲ್ಲಿ ಲಾನು, ಗುಲಾಬಿ, ತರಕಾರಿ ಮಡಿಗಳ ಬಡಾವಣೆ ಎದ್ದವು. ಜಿಂಕೆಗೆ ಇನ್ನೇನು ಬೇಕು? ನಮ್ಮಲ್ಲಿ ಸಂಖ್ಯೆ ಚಿಕ್ಕದು, ಪ್ರಶ್ನೆ ಮಾತ್ರ ಅದೇ. ದೆಹಲಿಯ ಹೌಜ್ ಖಾಸ್ ಡೀರ್ ಪಾರ್ಕ್, ಚೆನ್ನೈನ ಐಐಟಿ ಮದ್ರಾಸ್, ಹೈದರಾಬಾದಿನ ಗಚ್ಚಿಬೌಲಿ: ಮೂರೂ ಕಡೆ ಜಿಂಕೆ ಮತ್ತು ನಗರ ಮುಖಾಮುಖಿ ನಿಂತಿವೆ.

ಎಲ್ಲೇ ಮೀಟಿಂಗ್ ಆಗಲಿ, ಒಬ್ಬರು ಎದ್ದು "ಕೊಲ್ಲದೆ ಇದೆಲ್ಲ ಆಗೋ ಮಾತಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಪಾಪ, ಇದ್ದುಕೊಳ್ಳಲಿ ಬಿಡಿ" ಅನ್ನುತ್ತಾರೆ. ಎರಡೂ ಅಭ್ಯಾಸಬಲದ ಮಾತು. ಇಬ್ಬರೂ ಲೆಕ್ಕ ಹಾಕಿಲ್ಲ. ಕರುಣೆಯ ದಾರಿ ಮೆತ್ತಗಿನ ದಾರಿ ಎಂದುಕೊಂಡವರೇ ಇಲ್ಲಿ ಮೊದಲು ಸೋಲುವುದು. ಬಂದೂಕಿಗಿಂತ ಇದಕ್ಕೆ ಹೆಚ್ಚು ಶಿಸ್ತು ಬೇಕು. ಆ ಶಿಸ್ತಿನ ಸೂತ್ರಗಳು ಇಲ್ಲಿವೆ.

1. ಮೊದಲು ಎಣಿಸಿ, ಆಮೇಲೆ ಮಾತಾಡಿ

ಎಣಿಕೆ ಇಲ್ಲದ ಪ್ಲ್ಯಾನು ಬರೀ ಕೂಗಾಟ. ನ್ಯೂಯಾರ್ಕ್ ನಗರಕ್ಕೇ ಸೇರಿದ ಸ್ಟೇಟನ್ ಐಲೆಂಡ್ ನೋಡಿ. 2008ರಲ್ಲಿ ಅಲ್ಲಿದ್ದ ಜಿಂಕೆಗಳ ಅಂದಾಜು 24. ಇನ್‌ಫ್ರಾರೆಡ್ ಕ್ಯಾಮೆರಾದೊಂದಿಗೆ 2014ರಲ್ಲಿ ವೈಮಾನಿಕ ಸಮೀಕ್ಷೆ ಮಾಡಿದಾಗ ಕಂಡದ್ದು 763. ನ್ಯೂಜೆರ್ಸಿ ಕಡೆಯಿಂದ ಕಿರಿದಾದ ಜಲಸಂಧಿಯೊಂದನ್ನು ಈಜಿ ದ್ವೀಪ ಸೇರಿದ ಜಿಂಕೆಗಳ ಸಂಸಾರ ಅದು. 24 ಇದ್ದಾಗಲೇ ಕೈ ಹಾಕಿದ್ದರೆ ಖರ್ಚು ಎಷ್ಟಾಗುತ್ತಿತ್ತು, ನೀವೇ ಗುಣಿಸಿ ನೋಡಿ.

ಉಲ್ಟಾ ಕೂಡ ಆಗುತ್ತದೆ. ಕೆನಡಾದ ವಿಕ್ಟೋರಿಯಾ ಪಕ್ಕದ ಓಕ್ ಬೇ ಊರಿನಲ್ಲಿ ಜಿಂಕೆ ಮಿತಿಮೀರಿವೆ ಎಂಬ ದೂರು ವರ್ಷಗಟ್ಟಲೆ ಕೇಳಿಬರುತ್ತಿತ್ತು. ಜಿಪಿಎಸ್ ಕಾಲರ್ ತೊಡಿಸಿ, ಟ್ರೇಲ್ ಕ್ಯಾಮೆರಾ ಇಟ್ಟು ಲೆಕ್ಕ ಹಾಕಿದಾಗ ಸಿಕ್ಕಿದ ಅಂದಾಜು ನೂರರ ಆಸುಪಾಸು. ಬೆಳಗ್ಗೆ ಒಬ್ಬರ ಗೇಟಿನ ಮುಂದೆ, ಮಧ್ಯಾಹ್ನ ಇನ್ನೊಬ್ಬರ ಹಿತ್ತಲಲ್ಲಿ, ಸಂಜೆ ಶಾಲೆಯ ಮೈದಾನದಲ್ಲಿ ಕಾಣುವ ನಾಲ್ಕು ಜಿಂಕೆ ಜನರ ಲೆಕ್ಕದಲ್ಲಿ ಹನ್ನೆರಡಾಗುತ್ತವೆ.

ಹಾಗಾಗಿ ಪ್ರದೇಶವನ್ನು ಚೌಕಗಳಾಗಿ ವಿಂಗಡಿಸಿ ಕ್ಯಾಮೆರಾ ಕಟ್ಟಿ. ನೀರಿನ ತೊಟ್ಟಿಯ ಪಕ್ಕದಲ್ಲಿ ಮಾತ್ರ ಕಟ್ಟಬೇಡಿ, ಇರುವುದಕ್ಕಿಂತ ದೊಡ್ಡ ಸಂಖ್ಯೆ ಸಿಗುತ್ತದೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಜಾಗ. ಒಟ್ಟು ಸಂಖ್ಯೆಯ ಜೊತೆ ಇನ್ನೊಂದು ಅಂಕಿ ಬರೆದಿಡಿ: ಹೆಣ್ಣು ಜಿಂಕೆ ಒಂದಕ್ಕೆ ಎಷ್ಟು ಮರಿ? ಒಟ್ಟು ಸಂಖ್ಯೆ ಇವತ್ತಿನ ಸ್ಥಿತಿ ಹೇಳುತ್ತದೆ. ಮರಿಗಳ ಪ್ರಮಾಣ ಮೂರು ವರ್ಷದಾಚೆಯದನ್ನು ಹೇಳುತ್ತದೆ.

2. ದೂರು ಯಾವುದೆಂದು ಬಿಡಿಸಿ ಬರೆಯಿರಿ

"ಜಿಂಕೆ ಜಾಸ್ತಿಯಾಗಿವೆ" ಎಂಬುದು ದೂರೇ ಅಲ್ಲ. ಗುಲಾಬಿ ತಿಂದವೇ? ಕಾರಿಗೆ ಅಡ್ಡ ಬಂದವೇ? ಕಾಡಿನ ಸಸಿ ಮೇಲೇಳಲು ಬಿಡುತ್ತಿಲ್ಲವೇ? ಉಣ್ಣೆ ಹೆಚ್ಚಾಯಿತೇ? ಒಂದೊಂದಕ್ಕೂ ಮದ್ದು ಬೇರೆ. ದೂರು ವಿಂಗಡಿಸಿದ ದಿನವೇ ನಿಮ್ಮ ಅರ್ಧ ಕೆಲಸ ಮುಗಿಯುತ್ತದೆ.

ಉಣ್ಣೆಯ ವಿಷಯವನ್ನೇ ತೆಗೆದುಕೊಳ್ಳಿ. ಮಲೆನಾಡಿನವರಿಗೆ ಉಣ್ಣೆ ಎಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. ನ್ಯೂಯಾರ್ಕ್ ಸುತ್ತಮುತ್ತಲಿನವರಿಗೆ ಲೈಮ್ ಕಾಯಿಲೆ. ಲೈಮ್ ರೋಗಾಣುವನ್ನು ಉಣ್ಣೆಗೆ ದಾಟಿಸುವುದು ಜಿಂಕೆ ಎಂದೇ ಬಹಳ ಜನ ನಂಬಿದ್ದಾರೆ. ಅಲ್ಲ. ಮರಿ ಉಣ್ಣೆಗೆ ರೋಗಾಣು ಅಂಟುವುದು ಹೆಚ್ಚಾಗಿ ಬಿಳಿಪಾದದ ಇಲಿಯಂಥ ಸಣ್ಣ ಪ್ರಾಣಿಗಳಿಂದ. ಜಿಂಕೆಯದು ಅನ್ನದಾತನ ಪಾತ್ರ: ಬೆಳೆದ ಉಣ್ಣೆ ಅದರ ರಕ್ತ ಕುಡಿದು ಮೊಟ್ಟೆಯಿಡುತ್ತದೆ. ಹಾಗಾದರೆ ಜಿಂಕೆಯ ಮೈಮೇಲಿನ ಉಣ್ಣೆಯನ್ನೇ ಕೊಲ್ಲಬಹುದಲ್ಲ? ಕೊಲ್ಲಬಹುದು. 'ಫೋರ್ ಪೋಸ್ಟರ್' ಎಂಬ ಸಲಕರಣೆ ಇದೆ. ನಡುವೆ ಮೆಕ್ಕೆಜೋಳದ ಡಬ್ಬಿ, ನಾಲ್ಕು ಮೂಲೆಗೆ ಪರ್ಮೆಥ್ರಿನ್ ಸವರಿದ ರೋಲರುಗಳು. ಜಿಂಕೆ ಕತ್ತು ಬಗ್ಗಿಸಿ ತಿನ್ನುವಾಗ ಕಿವಿ, ಕೆನ್ನೆ, ಕುತ್ತಿಗೆಗೆ ಔಷಧಿ ತಾನಾಗಿ ಸವರಿಕೊಳ್ಳುತ್ತದೆ. ಉಣ್ಣೆ ಹೆಚ್ಚಾಗಿ ಕಚ್ಚಿಕೊಳ್ಳುವುದೂ ಅಲ್ಲೇ. ಮೆಕ್ಕೆಜೋಳ ಇಟ್ಟು ಜಿಂಕೆಗಳನ್ನು ಒಂದೆಡೆ ಸೇರಿಸುವುದರಿಂದ ಇದರಲ್ಲೂ ಅಪಾಯವಿದೆ, ಮುಂದಿನ ಸೂತ್ರ ಓದಿ. ಆದರೆ ದೂರು ಉಣ್ಣೆಯದ್ದಾಗಿದ್ದರೆ ಬಂದೂಕಿನ ಮಾತೇ ಮೊದಲು ಬರಬೇಕಿಲ್ಲ.

3. ಊಟ ಹಾಕುವುದನ್ನು ನಿಲ್ಲಿಸಿ

ಇದು ಅತ್ಯಂತ ಅಗ್ಗದ ಸೂತ್ರ. ಅತಿ ಹೆಚ್ಚು ಜಗಳ ತರುವುದೂ ಇದೇ. ಕ್ಯಾರೆಟ್ ಹಿಡಿದು ನಿಂತ ಅಜ್ಜಿಗೆ ನೀವು ವಿಲನ್ ಆಗಿ ಕಾಣುತ್ತೀರಿ. ಪರವಾಗಿಲ್ಲ.

ಕಾರಣ ಸರಳ. ಚೆನ್ನಾಗಿ ತಿಂದ ಬಿಳಿಬಾಲದ ಹೆಣ್ಣು ಅವಳಿ ಹೆರುತ್ತದೆ. ಮೇವು ಯಥೇಚ್ಛವಾಗಿದ್ದರೆ ಹುಟ್ಟಿದ ವರ್ಷವೇ, ಆರೇಳು ತಿಂಗಳಿಗೆ, ಗರ್ಭ ಕಟ್ಟುವ ಮರಿಗಳೂ ಉಂಟು. ನೀವು ಹಾಕುವ ಊಟ ಮುಂದಿನ ವರ್ಷ ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಜೊತೆಗೆ, ಒಂದೇ ತಟ್ಟೆಗೆ ಇಪ್ಪತ್ತು ಮೂತಿ ಸೇರಿದರೆ ರೋಗ ಹರಡುತ್ತದೆ. ಉತ್ತರ ಅಮೆರಿಕದ ಜಿಂಕೆಗಳನ್ನು ಕಾಡುತ್ತಿರುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್‌ಗೆ ಇವತ್ತಿಗೂ ಮದ್ದಿಲ್ಲ. 1967ರಲ್ಲಿ ಕೊಲರಾಡೊದಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಜೊಲ್ಲಿನಿಂದಲೂ ಹರಡಬಲ್ಲದು. ಅಲ್ಲಿನ ಅನೇಕ ರಾಜ್ಯಗಳು ಜಿಂಕೆಗೆ ಊಟ ಹಾಕುವುದನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ.

ಊಟ ಹಾಕುವುದೇ ಪರಂಪರೆಯಾಗಿರುವ ಊರಿದ್ದರೆ? ಜಪಾನಿನ ನಾರಾ ನೋಡಿ ಕಲಿಯಿರಿ. ಅಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಪಾರ್ಕಿನಲ್ಲಿ, ದೇವಾಲಯದ ಅಂಗಳದಲ್ಲಿ, ಬೀದಿಯಲ್ಲಿ ಜನರ ನಡುವೆಯೇ ಓಡಾಡುತ್ತವೆ. ಪ್ರವಾಸಿಗರು ಕೊಡಬಹುದಾದದ್ದು ಅಕ್ಕಿ ತೌಡಿನಿಂದ ಮಾಡಿದ ಒಂದು ಬಗೆಯ ಬಿಸ್ಕತ್ತು ಮಾತ್ರ. ಅದರ ಕಟ್ಟಿಗೆ ಸುತ್ತುವುದೂ ಕಾಗದದ ಪಟ್ಟಿ. ಆದರೂ 2019ರಲ್ಲಿ ಸತ್ತ ಹಲವು ಜಿಂಕೆಗಳ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿತು. ಒಂದರ ಹೊಟ್ಟೆಯಲ್ಲಿ 4.3 ಕಿಲೊ! ಊರಿನ ಕಂಪನಿಗಳು ಕೈ ಕಟ್ಟಿ ಕೂರಲಿಲ್ಲ. ಅಕ್ಕಿ ತೌಡು, ಮರುಬಳಕೆಯ ಹಾಲಿನ ಪೊಟ್ಟಣ ಸೇರಿಸಿ ಜಿಂಕೆ ತಿಂದರೂ ತೊಂದರೆಯಾಗದ ಕಾಗದದ ಚೀಲ ತಯಾರಿಸಿದವು. ಐಐಟಿ ಮದ್ರಾಸ್ ಕ್ಯಾಂಪಸ್ಸಿನಲ್ಲೂ ಪ್ಲಾಸ್ಟಿಕ್ ನುಂಗಿ ಜಿಂಕೆಗಳು ಸತ್ತಿವೆ. ನಿಮ್ಮ ಕ್ಯಾಂಪಸ್ಸಿನ ಕಸದ ತೊಟ್ಟಿಗೆ ಮುಚ್ಚಳ ಇದೆಯೇ? ಇವತ್ತೇ ನೋಡಿ.

4. ಬೇಲಿ ಹಾಕಿ, ಗಿಡ ಬದಲಿಸಿ

ಬಿಳಿಬಾಲದ ಜಿಂಕೆಗೆ 8 ಅಡಿಗಿಂತ ಕಡಿಮೆಯ ಬೇಲಿ ಬರೀ ಅಲಂಕಾರ. ಹಣ ಕಡಿಮೆಯೇ? ಆಚೆ ಏನಿದೆ ಎಂದು ಕಾಣದ ಹಲಗೆ ಬೇಲಿ ಹಾಕಿ. ಇಳಿಯುವ ಜಾಗ ಕಾಣದಿದ್ದರೆ ಜಿಂಕೆ ಹಾರಲು ಹಿಂದೇಟು ಹಾಕುತ್ತದೆ. ಅಂಗಳದಲ್ಲಿ ಟ್ಯೂಲಿಪ್, ಹೋಸ್ಟಾ ಬದಲು ಡ್ಯಾಫೋಡಿಲ್, ಲ್ಯಾವೆಂಡರ್, ರೋಸ್‌ಮೇರಿ ಹಾಕಿ. ನ್ಯೂಜೆರ್ಸಿಯ ಕನ್ನಡಿಗರೇ, ಹಿತ್ತಲಿನ ಹುರುಳಿಕಾಯಿ ಬಳ್ಳಿ ಉಳಿಯಬೇಕೆಂದರೆ ಮಡಿಯ ಸುತ್ತ ಬೇಲಿ ಬೇಕೇ ಬೇಕು. ಸೋಪು ನೇತುಹಾಕುವುದು, ಕೂದಲು ಚೆಲ್ಲುವುದು ಒಂದೆರಡು ವಾರದ ಆಟ. ಹಸಿದ ಜಿಂಕೆ ಬೇಗ ಕಲಿಯುತ್ತದೆ.

5. ಹೆಣ್ಣುಗಳಿಂದ ಶುರು ಮಾಡಿ

ಇಲ್ಲಿ ನಿಧಾನವಾಗಿ ಓದಿ. ಎಷ್ಟೋ ಒಳ್ಳೆಯ ಯೋಜನೆಗಳು ಎಡವುವುದು ಈ ಗಣಿತದಲ್ಲೇ.

ಒಂದು ಗಂಡು ಒಂದು ಸೀಸನ್ನಿನಲ್ಲಿ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಆಪರೇಷನ್ ಮಾಡಿ. ಉಳಿದ ಒಂದೇ ಗಂಡು ನಿಮ್ಮ ಬಜೆಟ್ ನುಂಗಿ ನೀರು ಕುಡಿಯುತ್ತದೆ. ಹತ್ತು ಹೆಣ್ಣುಗಳಲ್ಲಿ ಒಂಬತ್ತಕ್ಕೆ ಚಿಕಿತ್ಸೆಯಾದರೆ ಒಂಬತ್ತು ತಾಯಂದಿರ ಮರಿಗಳು ಆ ವರ್ಷ ಇಲ್ಲ. ತಪ್ಪಿಸಿಕೊಂಡ ಹತ್ತನೆಯದು ತನ್ನ ಪಾಲಿನ ಒಂದೋ ಎರಡೋ ಮರಿ ಹಾಕಬಹುದು, ಅಷ್ಟೇ.

ಹಾಗಿದ್ದೂ ಸ್ಟೇಟನ್ ಐಲೆಂಡ್ ಗಂಡುಗಳನ್ನೇ ಆರಿಸಿಕೊಂಡಿತು. ನ್ಯೂಯಾರ್ಕ್ ನಗರದೊಳಗೆ ಬೇಟೆಗೆ ಅವಕಾಶವಿಲ್ಲ. 2016ರಲ್ಲಿ ನಗರಾಡಳಿತ ಕಾಂಟ್ರ್ಯಾಕ್ಟರ್ ಮೂಲಕ ವ್ಯಾಸೆಕ್ಟಮಿ ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಗಂಡುಗಳಿಗೆ ಆಪರೇಷನ್ ಆಯಿತು. 2017ರಲ್ಲಿ ಸುಮಾರು 2,000 ಎಂದು ಅಂದಾಜಾಗಿದ್ದ ಜಿಂಕೆಗಳ ಸಂಖ್ಯೆ ಆಮೇಲಿನ ವರ್ಷಗಳಲ್ಲಿ ಇಳಿಯಿತು. ಗೆದ್ದರಲ್ಲ ಅಂತೀರಾ? ಗೆದ್ದರು, ಏಕೆಂದರೆ ಹೆಚ್ಚುಕಡಿಮೆ ಎಲ್ಲ ಗಂಡುಗಳನ್ನೂ ಬೆನ್ನಟ್ಟಿ ಹಿಡಿಯಲು ಅವರಲ್ಲಿ ಹಣವಿತ್ತು. ಸುತ್ತ ನೀರೂ ಇತ್ತು. ಬಿಲ್ಲು ಲಕ್ಷಗಳಲ್ಲಿ ಬರಲಿಲ್ಲ, ಮಿಲಿಯನ್‌ಗಟ್ಟಲೆ ಡಾಲರಿನಲ್ಲಿ ಬಂತು. ನಿಮ್ಮ ಬೆನ್ನಿಗೆ ನ್ಯೂಯಾರ್ಕಿನ ಖಜಾನೆ ಇಲ್ಲದಿದ್ದರೆ ಆ ದಾರಿ ಹಿಡಿಯಬೇಡಿ.

6. ವಿಧಾನವನ್ನು ಅರೆದು ಕುಡಿಯಿರಿ

"ಗರ್ಭನಿರೋಧಕ ಕೊಟ್ಟರಾಯ್ತು" ಎಂದು ಮೀಟಿಂಗಿನಲ್ಲಿ ಹೇಳಿ ಕೂರಬೇಡಿ. ಯಾವುದು? ಹೇಗೆ? ಎಷ್ಟು ವರ್ಷಕ್ಕೆ? ಉತ್ತರ ನಾಲಗೆಯ ತುದಿಯಲ್ಲಿರಲಿ.

ಒಂದನೆಯದು ಪಿಜೆಡ್‌ಪಿ ಲಸಿಕೆ. ಹಂದಿಯ ಅಂಡದ ಹೊರಪದರದ ಪ್ರೋಟೀನಿನಿಂದ ತಯಾರಾಗುತ್ತದೆ. ಚುಚ್ಚಿದಾಗ ಜಿಂಕೆಯ ದೇಹ ಅದರ ವಿರುದ್ಧ ಪ್ರತಿಕಾಯ ಕಟ್ಟುತ್ತದೆ. ಆ ಪ್ರತಿಕಾಯಗಳು ಜಿಂಕೆಯ ಸ್ವಂತ ಅಂಡಕ್ಕೇ ಅಂಟಿಕೊಂಡು ವೀರ್ಯಾಣುವಿಗೆ ಜಾಗ ಬಿಡುವುದಿಲ್ಲ. ಡಾರ್ಟಿನಿಂದ ಕೊಡಬಹುದು, ಇದೇ ಇದರ ದೊಡ್ಡ ಪ್ಲಸ್ ಪಾಯಿಂಟ್. ಬೂಸ್ಟರ್ ಬೇಕು, ಇದು ಮೈನಸ್. ಅಮೆರಿಕದ ಪರಿಸರ ಸಂರಕ್ಷಣಾ ಏಜೆನ್ಸಿ ಇದರ ಜಿಂಕೆ ಲಸಿಕೆಯನ್ನು 2017ರಲ್ಲಿ ನೋಂದಾಯಿಸಿತು.

ಎರಡನೆಯದು ಗೊನಾಕಾನ್. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ರೂಪಿಸಿದ್ದು, 2009ರಲ್ಲಿ ನೋಂದಣಿಯಾಯಿತು. ಇದು ಸಂತಾನದ ಹಾರ್ಮೋನುಗಳಿಗೆ ಚಾಲನೆ ಕೊಡುವ ಸಂಕೇತವನ್ನೇ ತಡೆಯುತ್ತದೆ. ಬೆದೆಯೇ ಬರುವುದಿಲ್ಲ. ಆದರೆ ಜಿಂಕೆಗಳಿಗೆ ಕೈಯಲ್ಲೇ ಚುಚ್ಚಬೇಕೆಂಬ ನಿಯಮದೊಂದಿಗೆ ಬಂದ ಲಸಿಕೆ ಇದು. ಅಂದರೆ ಪ್ರಾಣಿಯನ್ನು ಹಿಡಿಯಲೇಬೇಕು.

ಮೂರನೆಯದು ಶಸ್ತ್ರಚಿಕಿತ್ಸೆ. ಇದರಲ್ಲೂ ಎರಡು ಬಗೆ. ಆ ವ್ಯತ್ಯಾಸ ಏಕೆ ಮುಖ್ಯ ಎಂಬುದನ್ನು ಕಾರ್ನೆಲ್ ವಿಶ್ವವಿದ್ಯಾಲಯ ಕಷ್ಟಪಟ್ಟು ಕಲಿಯಿತು. ಇಥಾಕಾ ಊರಿನ ಆ ಕ್ಯಾಂಪಸ್ಸಿನಲ್ಲಿ ಹೆಣ್ಣು ಜಿಂಕೆಗಳಿಗೆ ಗರ್ಭನಾಳ ಕಟ್ಟುವ ಆಪರೇಷನ್ ಮಾಡಿದರು. ಮರಿಗಳು ಕಡಿಮೆಯಾದವು. ಒಟ್ಟು ಸಂಖ್ಯೆ ಇಳಿಯಲಿಲ್ಲ! ಆದದ್ದು ಇಷ್ಟು: ಅಂಡಾಶಯ ಹಾಗೇ ಇತ್ತು. ಗರ್ಭ ನಿಲ್ಲದ ಹೆಣ್ಣು ಸುಮಾರು 28 ದಿನಕ್ಕೊಮ್ಮೆ ಮತ್ತೆ ಮತ್ತೆ ಬೆದೆಗೆ ಬಂತು. ಮಾಮೂಲಿಯಾಗಿ ನವೆಂಬರಿನ ಹೊತ್ತಿಗೆ ಮುಗಿಯಬೇಕಿದ್ದ ಗಡಿಬಿಡಿ ಚಳಿಗಾಲದ ಕೊನೆಯವರೆಗೂ ಎಳೆಯಿತು. ವಾಸನೆ ಹಿಡಿದು ಸುತ್ತಲಿನ ಗಂಡುಗಳೆಲ್ಲ ಕ್ಯಾಂಪಸ್ಸಿಗೆ ದೌಡಾಯಿಸಿದವು. ಅಂಡಾಶಯವನ್ನೇ ತೆಗೆಯುವ ಎರಡನೆಯ ಬಗೆಯಲ್ಲಿ ಈ ತೊಂದರೆ ಇಲ್ಲ. ಮುಂದೆ ಅಲ್ಲಿನ ತಂಡ ಬೇಟೆಯ ದಾರಿಯನ್ನೂ ಬಳಸಿತು.

ಇದನ್ನು ಕೇಳಿ "ನೋಡಿ, ಫೇಲ್ ಆಯ್ತು" ಎನ್ನುವವರಿಗೆ ಕಿವಿಗೊಡಬೇಡಿ. ಫೇಲ್ ಆದದ್ದು ವಿಧಾನದ ಆಯ್ಕೆ. ಅವರು ಎಣಿಸುತ್ತಿದ್ದರು, ಹಾಗಾಗಿ ತಪ್ಪು ಎಲ್ಲಿದೆ ಎಂದು ಸಿಕ್ಕಿತು.

ಇನ್ನೊಂದು ಮಾತು. ಅಮೆರಿಕದ ಕ್ಯಾಲೆಂಡರನ್ನು ಇಲ್ಲಿ ಕಾಪಿ ಹೊಡೆಯಬೇಡಿ. ಬಿಳಿಬಾಲದ ಜಿಂಕೆ ಶರತ್ಕಾಲದಲ್ಲಿ ಕೂಡಿ, ಸುಮಾರು 200 ದಿನ ಗರ್ಭ ಹೊತ್ತು, ಮೇ-ಜೂನ್ ಹೊತ್ತಿಗೆ ಹೆರುತ್ತದೆ. ನಮ್ಮ ಚುಕ್ಕೆ ಜಿಂಕೆಗೆ ಅಂಥ ಕಟ್ಟುನಿಟ್ಟಿನ ಸೀಸನ್ ಇಲ್ಲ, ವರ್ಷದ ಯಾವ ತಿಂಗಳಲ್ಲೂ ಮರಿ ಕಾಣಬಹುದು. ಆಗಸ್ಟಿನಲ್ಲಿ ಲಸಿಕೆ ಹಾಕಿ ಮುಗಿಸಿದೆವು ಎಂಬ ಲೆಕ್ಕ ಇಲ್ಲಿ ನಡೆಯದು.

7. ಹಿಡಿಯುವ ಕೈಗೆ ತರಬೇತಿ ಕೊಡಿ

ಮಾನವೀಯತೆ ಎಂಬ ಪದ ಪರೀಕ್ಷೆಗೆ ನಿಲ್ಲುವುದು ಇಲ್ಲಿ. ಡಾರ್ಟ್ ತೊಡೆಯ ದಪ್ಪ ಮಾಂಸಕ್ಕೇ ಬೀಳಬೇಕು, ಪಕ್ಕೆಗಲ್ಲ. ಮತ್ತಿನ ಔಷಧಿ ಕೊಟ್ಟರೆ ಜಿಂಕೆ ಆ ಕ್ಷಣ ಬೀಳುವುದಿಲ್ಲ. ಕೆಲವು ನಿಮಿಷ ನಡೆಯುತ್ತದೆ, ತಡವರಿಸುತ್ತದೆ, ಪೊದೆಯ ಮರೆಯಲ್ಲಿ ಕುಸಿಯುತ್ತದೆ. ಹಾಗಾಗಿ ರಸ್ತೆ, ಕೆರೆ, ಈಜುಕೊಳ ಹತ್ತಿರವಿದ್ದರೆ ಟ್ರಿಗರ್ ಒತ್ತಲೇಬೇಡಿ. ಬಿದ್ದ ತಕ್ಷಣ ಮೊದಲ ಕೆಲಸ ಕಣ್ಣಿಗೆ ಬಟ್ಟೆ ಕಟ್ಟುವುದು. ಆಮೇಲೆ ಎದೆಯ ಮೇಲೆ ಕೂತ ಭಂಗಿಗೆ ತಂದು ಕತ್ತು ಎತ್ತಿ ಹಿಡಿಯುವುದು. ಮೆಲುಕು ಹಾಕುವ ಪ್ರಾಣಿ ಪಕ್ಕಕ್ಕೆ ಮಲಗಿದರೆ ಹೊಟ್ಟೆ ಉಬ್ಬುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಗುದದ ಥರ್ಮಾಮೀಟರ್ ಇಟ್ಟು ಜ್ವರ ಏರುತ್ತಿದೆಯೇ ನೋಡುತ್ತಲೇ ಇರಿ. ಸುತ್ತ ಮಾತು ಬೇಡ, ಫೋನ್ ಸೈಲೆಂಟ್. ಕಿವಿಗೆ ನಂಬರಿನ ಟ್ಯಾಗ್ ಹಾಕಿ, ಬಿಡಿ.

ಇಷ್ಟನ್ನು ಒಂದೇ ಒಂದು ಸಲ ಹತ್ತಿರದಿಂದ ನೋಡಿದವರು "ಯಾರಾದರೂ ಮಾಡಬಹುದು" ಎಂಬ ಮಾತನ್ನು ಮತ್ತೆ ಆಡುವುದಿಲ್ಲ. ವೆಟರ್ನರಿ ವಿದ್ಯಾರ್ಥಿಗಳೇ, ಈ ಕೌಶಲವಿದ್ದವರು ದೇಶದಲ್ಲಿ ಬಹಳಿಲ್ಲ. ನಿಮಗೆ ಕೆಲಸ ಹುಡುಕುವ ಪ್ರಮೇಯವೇ ಬರದು.

8. ಗಡಿ ಎಲ್ಲಿದೆ ಎಂದು ಗುರುತಿಸಿ

ಸೌತ್ ಕ್ಯಾರೊಲಿನಾದ ಫ್ರಿಪ್ ಐಲೆಂಡಿನಲ್ಲಿ 2005ರಿಂದ ಕೆಲವು ವರ್ಷ ಪಿಜೆಡ್‌ಪಿ ಕೊಟ್ಟಾಗ ಜಿಂಕೆಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಅದು ದ್ವೀಪ. ಇಥಾಕಾದಲ್ಲಿ ಕಾರ್ನೆಲ್ ಪಕ್ಕದ ಹಳ್ಳಿ ಕಾಯುಗಾ ಹೈಟ್ಸ್, ಹೆಚ್ಚುಕಡಿಮೆ ತನ್ನೆಲ್ಲ ಹೆಣ್ಣು ಜಿಂಕೆಗಳಿಗೂ ಶಸ್ತ್ರಚಿಕಿತ್ಸೆ ಮಾಡಿಸಿತು. ಪಕ್ಕದ ಊರಿನ ಜಿಂಕೆಗಳು ಬರುತ್ತಲೇ ಇದ್ದವು. ಕೊನೆಗೆ ಹಳ್ಳಿಯ ಆಡಳಿತ ಕೊಲ್ಲುವ ದಾರಿಗೆ ಹೊರಳಿತು. ನಿಮ್ಮ ಕ್ಯಾಂಪಸ್ಸಿಗೆ ಗಟ್ಟಿ ಕಾಂಪೌಂಡ್ ಇದ್ದರೆ ಧೈರ್ಯವಾಗಿ ಮುನ್ನುಗ್ಗಿ. ಇಲ್ಲದಿದ್ದರೆ ಪಕ್ಕದ ಪಂಚಾಯ್ತಿಯನ್ನೂ ಮೊದಲ ಮೀಟಿಂಗಿಗೇ ಕರೆಯಿರಿ. ಜಿಂಕೆಗೆ ವಾರ್ಡ್ ನಂಬರ್ ಗೊತ್ತಿಲ್ಲ.

9. ಸಾಗಿಸಿಬಿಡುವ ಆಸೆಯನ್ನು ಹದ್ದುಬಸ್ತಿನಲ್ಲಿಡಿ

"ಲಾರಿಗೆ ಹತ್ತಿಸಿ ಕಾಡಿಗೆ ಬಿಟ್ಟುಬಿಡಿ." ಕೇಳಲು ಎಷ್ಟು ಚೆಂದ! ಜಿಂಕೆ ಭಯದಿಂದಲೇ ಸಾಯಬಲ್ಲ ಪ್ರಾಣಿ. ಹಿಡಿಯುವಾಗ ಒದ್ದಾಡಿದರೆ ಸ್ನಾಯು ಒಡೆದು, ಅದರ ಬಣ್ಣದ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಿಸುತ್ತದೆ. ಬಿಟ್ಟಾಗ ಚಂಗನೆ ನೆಗೆದದ್ದು ಫೋಟೊದಲ್ಲಿ ಸೊಗಸಾಗಿ ಬಂದಿರುತ್ತದೆ. ಸಾವು ಕೆಲವು ದಿನ ಬಿಟ್ಟು, ಫೋಟೊಗ್ರಾಫರ್ ಇಲ್ಲದ ಜಾಗದಲ್ಲಿ ಬರುತ್ತದೆ.

ಸಾಗಿಸಲೇಬೇಕೆಂದರೆ ಬೋಮಾ ವಿಧಾನ ಕಲಿಯಿರಿ. ಆಫ್ರಿಕಾದಿಂದ ಬಂದದ್ದು. ಆಲಿಕೆಯ ಆಕಾರದ ಮರೆಗೋಡೆ ಕಟ್ಟಿ, ಜಿಂಕೆಗಳು ಮೇಯುತ್ತ ಮೇಯುತ್ತ ಒಳಗೆ ಬರುವಂತೆ ಮಾಡಿ, ಯಾರೂ ಮುಟ್ಟದೆ ವಾಹನಕ್ಕೆ ಹತ್ತಿಸುವುದು. ಮಧ್ಯಪ್ರದೇಶದಲ್ಲಿ ಚುಕ್ಕೆ ಜಿಂಕೆಗಳನ್ನು ಹೀಗೆ ಸಾಗಿಸಿದ್ದಾರೆ.

ಆದರೆ ಎಲ್ಲಿಂದ ಎಲ್ಲಿಗೆ ಎಂಬುದೂ ಪ್ರಶ್ನೆ. ದೆಹಲಿಯ ಡೀರ್ ಪಾರ್ಕ್ 1960ರ ದಶಕದಲ್ಲಿ ಬೆರಳೆಣಿಕೆಯ ಜಿಂಕೆಗಳಿಂದ ಶುರುವಾದದ್ದು. 2023ರ ಹೊತ್ತಿಗೆ ಅಲ್ಲಿ ಸುಮಾರು 600 ಜಿಂಕೆಗಳಿದ್ದವು. ಕೇಂದ್ರೀಯ ಮೃಗಾಲಯ ಪ್ರಾಧಿಕಾರ ಅದರ ಮಾನ್ಯತೆ ರದ್ದು ಮಾಡಿತು. ರಾಜಸ್ಥಾನದ ಹುಲಿ ಕಾಡುಗಳಿಗೆ ಸಾಗಣೆ ಶುರುವಾಯಿತು. ನಗರದ ಪಾರ್ಕಿನಲ್ಲೇ ಹುಟ್ಟಿ, ಮನುಷ್ಯರ ಕೈಯಿಂದ ತಿಂದು ಬೆಳೆದ ಜಿಂಕೆಗೆ ಹುಲಿಯ ವಾಸನೆ ಹೇಗೆ ಗೊತ್ತಿರಬೇಕು? ಪ್ರಾಣಿಪ್ರಿಯರು ಕೋರ್ಟಿಗೆ ಹೋದರು. 2025ರಲ್ಲಿ ಸುಪ್ರೀಂ ಕೋರ್ಟ್ ಸ್ಥಳಾಂತರಕ್ಕೆ ತಡೆ ಹಾಕಿತು. ನನ್ನ ಅಭಿಪ್ರಾಯ ನೇರವಾಗಿದೆ: ಅದು ಸುತ್ತಲೂ ಬೇಲಿಯಿದ್ದ ಜಾಗ. ಗಂಡು ಹೆಣ್ಣುಗಳನ್ನು ಬೇರೆ ಬೇರೆ ಆವರಣದಲ್ಲಿ ಇಟ್ಟಿದ್ದರೆ ಲಸಿಕೆಯೂ ಬೇಕಿರಲಿಲ್ಲ, ಲಾರಿಯೂ ಬೇಕಿರಲಿಲ್ಲ.

10. ಒಂಟಿ ಮರಿಯನ್ನು ಎತ್ತಬೇಡಿ

ಹುಲ್ಲಿನಲ್ಲಿ ಕತ್ತು ನೆಲಕ್ಕೊತ್ತಿ, ಕಿವಿ ಹಿಂದಕ್ಕೆ ಮಡಚಿ, ರೆಪ್ಪೆ ಕೂಡ ಅಲ್ಲಾಡಿಸದೆ ಮಲಗಿದ ಮರಿ ಅನಾಥವಲ್ಲ. ತಾಯಿ ಬೇಕೆಂದೇ ದೂರ ಹೋಗಿದೆ, ತನ್ನ ವಾಸನೆ ಹಿಡಿದು ಬೇಟೆಯಾಡುವ ಪ್ರಾಣಿ ಬರಬಾರದೆಂದು. ದಿನಕ್ಕೆ ಕೆಲವೇ ಸಲ ಬಂದು ಹಾಲು ಕೊಟ್ಟು ಹೋಗುತ್ತದೆ. ನೀವು 'ರೆಸ್ಕ್ಯೂ' ಮಾಡಿ ಬಾಟಲಿ ಹಾಲು ಕುಡಿಸಿದರೆ ಅದನ್ನು ಅನಾಥ ಮಾಡಿದವರು ನೀವೇ. ನಾಯಿ ಸುಳಿಯುತ್ತಿದ್ದರೆ ನಾಯಿಯನ್ನು ಓಡಿಸಿ. ಮರಿ ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಮಿಕ್ಕಂತೆ ಕೈ ಕಟ್ಟಿಕೊಳ್ಳಿ.

11. ರಸ್ತೆ ಮತ್ತು ಕಾನೂನು ಎರಡನ್ನೂ ಓದಿ

ಜಿಂಕೆ ರಸ್ತೆ ದಾಟುವುದು ಹೆಚ್ಚಾಗಿ ಮುಂಜಾನೆ, ಮುಸ್ಸಂಜೆ. ಒಂದು ದಾಟಿತೆಂದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿಯಿರಿ. ಬ್ರೇಕ್ ಒತ್ತಿ, ಸ್ಟಿಯರಿಂಗ್ ತಿರುಗಿಸಬೇಡಿ. ಜೀವ ಹೋಗುವುದು ಎಷ್ಟೋ ಸಲ ಎದುರಿನ ಮರಕ್ಕೆ ಗುದ್ದಿ. ಆಡಳಿತದಲ್ಲಿದ್ದೀರಾ? ಅಪಘಾತವಾದ ಜಾಗಗಳನ್ನು ಮ್ಯಾಪಿನಲ್ಲಿ ಗುರುತಿಸಿ. ಚುಕ್ಕಿಗಳು ಊರಿಡೀ ಹರಡಿರುವುದಿಲ್ಲ, ಕೆಲವೇ ತಿರುವುಗಳಲ್ಲಿ ಗುಂಪಾಗಿರುತ್ತವೆ. ಅಲ್ಲಿ ಪೊದೆ ಕತ್ತರಿಸಿ, ವೇಗ ತಗ್ಗಿಸಿ.

ಕಾನೂನು: ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಅಟ್ಟುವುದು, ಆಮಿಷ ಒಡ್ಡುವುದೂ ಸೇರಿದೆ. ಪರವಾನಗಿ ಇಲ್ಲದೆ ಬಲೆ ಬೀಸಿದರೆ ನಿಮ್ಮ ಒಳ್ಳೆಯತನ ಕೋರ್ಟಿನಲ್ಲಿ ಉಪಯೋಗಕ್ಕೆ ಬಾರದು. ಆದರೆ ಅದೇ ಕಾಯ್ದೆಯ 12ನೇ ಸೆಕ್ಷನ್ ತೆರೆದು ನೋಡಿ. ವೈಜ್ಞಾನಿಕ ನಿರ್ವಹಣೆಗೆ ಮುಖ್ಯ ವನ್ಯಜೀವಿ ಪರಿಪಾಲಕರು ಸರ್ಕಾರದ ಪೂರ್ವಾನುಮತಿ ಪಡೆದು ಪರವಾನಗಿ ಕೊಡಬಹುದು. ಸಂಖ್ಯೆಯ ನಿರ್ವಹಣೆ ಎಂದರೆ ಕೊಲ್ಲದೆ, ವಿಷ ಹಾಕದೆ ಮಾಡುವ ನಿರ್ವಹಣೆ ಎಂದು ಅಲ್ಲೇ ಬರೆದಿದೆ. ಅರ್ಜಿಯಲ್ಲಿ ಆ ಸೆಕ್ಷನ್ ನಮೂದಿಸಿ.

12. ಐದು ವರ್ಷಕ್ಕೆ ಸಹಿ ಹಾಕಿ

ಲಸಿಕೆಯು ಈಗಾಗಲೇ ಇರುವ ಜಿಂಕೆಗಳನ್ನು ಮಾಯ ಮಾಡುವುದಿಲ್ಲ, ಹೊಸದನ್ನು ತಡೆಯುತ್ತದೆ. ಮೊದಲ ವರ್ಷ ಅಷ್ಟೇ ಜಿಂಕೆಗಳು ಕಾಣುತ್ತವೆ. ಜನ ನಗುತ್ತಾರೆ, ಕಾರ್ಪೊರೇಟರ್ ಫೋನ್ ಮಾಡುತ್ತಾರೆ. ಆಗ ಕೈಬಿಟ್ಟರೆ ಹಾಕಿದ ದುಡ್ಡೆಲ್ಲ ಹೋಮ. ಒಂದು ವರ್ಷದ ಬಜೆಟ್ ಕೊಡುತ್ತೇವೆ ಎಂದರೆ ಬೇಡ ಅನ್ನಿ. ಖಂಡಿತ ಬೇಡ ಅನ್ನಿ.

ಓಕ್ ಬೇ ಊರನ್ನು ಇನ್ನೊಮ್ಮೆ ನೋಡಿ. 2015ರಲ್ಲಿ ಅಲ್ಲಿ ಆಡಳಿತ ಜಿಂಕೆಗಳನ್ನು ಕೊಲ್ಲಿಸಿತ್ತು. ಸತ್ತದ್ದು 11, ಎದ್ದದ್ದು ಊರು ತುಂಬ ಜಗಳ. ನಿವಾಸಿಗಳದೇ ಒಂದು ಸಂಘ ಹುಟ್ಟಿ, ವಿಜ್ಞಾನಿಗಳನ್ನು ಕರೆತಂದು, ಮೊದಲು ಎಣಿಸಿ, 2019ರಲ್ಲಿ 60 ಹೆಣ್ಣುಗಳಿಗೆ ಲಸಿಕೆ ಹಾಕಿತು, ಮರುವರ್ಷ ಇನ್ನಷ್ಟಕ್ಕೆ. ಮರಿಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಸಿನಿಕರು ಬೇರೆ ಊರಿನವರಲ್ಲ, ಅದೇ ಬೀದಿಯವರು. ಅವರ ಕೈಗೇ ಕ್ಯಾಮೆರಾ ಕೊಡಿ, ಎಣಿಕೆಗೆ ಹಚ್ಚಿ. ತಾನು ಎಣಿಸಿದ ಅಂಕಿಯನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಒಂದು ಕಹಿ ಮಾತೂ ಇದರಲ್ಲಿ ಸೇರಿದೆ. ಕಾರಿಗೆ ಸಿಕ್ಕಿ ಸೊಂಟ ಮುರಿದು ಚರಂಡಿಯಲ್ಲಿ ಬಿದ್ದ ಜಿಂಕೆಗೆ ವೈದ್ಯರು ನೀಡುವ ನೋವಿಲ್ಲದ ಸಾವು ಕ್ರೌರ್ಯವಲ್ಲ. ಆ ತೀರ್ಮಾನವನ್ನು ಯಾರು, ಎಷ್ಟು ಹೊತ್ತಿನೊಳಗೆ ತೆಗೆದುಕೊಳ್ಳಬೇಕು ಎಂದು ಮೊದಲೇ ಬರೆದಿಡಿ. ರಾತ್ರಿ ಎರಡು ಗಂಟೆಗೆ ಚರ್ಚೆಗೆ ಕೂರಬೇಡಿ.

ಈಗ ಪುಟ ಮಗುಚಿ ಮುಂದಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ಎರಡೇ ಸಾಲಿನ ಕೋರಿಕೆ ಸಾಕು: ನಮ್ಮ ಆವರಣದ ಜಿಂಕೆಗಳ ಎಣಿಕೆಗೆ ಕ್ಯಾಮೆರಾ ಕಟ್ಟಲು ಅನುಮತಿ ಕೊಡಿ, ನಿಮ್ಮ ಸಿಬ್ಬಂದಿ ಒಬ್ಬರನ್ನು ಜೊತೆಗೆ ಕಳಿಸಿ. ಕೆಳಗೆ ದಿನಾಂಕ ಹಾಕಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಬನ್ನಿ.